ನಕಲು ಮಾಡಿ, ಆದರೆ ಅಳೆದು ಮಾಡಿ



ಕೆಲವು ವರ್ಷಗಳ ಹಿಂದೆ ನಮ್ಮ ಕರಾವಳಿಯ ಒಂದು ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ನಡೆಯಿತು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಿಂದ ಮಕ್ಕಳು ಬಂದಿದ್ದರು. ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ಅಂದು ಎರಡು ಮೇಜುಗಳ ಮೇಲೆ ಒಂದೇ ಬಗೆಯ ಮಾದರಿ ಇತ್ತು. ಅದು ನೀರಿನ ರಾಕೆಟ್ಟನ್ನು ಹಾರಿಸುವ ಲಾಂಚರ್, ಅಂದರೆ ಉಡಾವಣಾ ಸಾಧನ.

ಮೊದಲನೆಯದು ಕಿತ್ತಳೆ ಬಣ್ಣದ್ದು, ಥಳಥಳ ಹೊಳೆಯುತ್ತಿತ್ತು. ಅದರ ಕೊಕ್ಕೆ, ಬಳೆ, ರೆಕ್ಕೆ ಎಲ್ಲವನ್ನೂ ತ್ರೀಡಿ ಪ್ರಿಂಟರಿನಲ್ಲಿ ಮುದ್ರಿಸಲಾಗಿತ್ತು. ಎರಡನೆಯದನ್ನು ಏಳನೇ ತರಗತಿಯ ಬಾಲಕಿಯೊಬ್ಬಳು ತಂದಿದ್ದಳು. ಪಿವಿಸಿ ಪೈಪು, ಸೈಕಲ್ ಟ್ಯೂಬಿನ ವಾಲ್ವ್, ಎಲೆಕ್ಟ್ರಿಕ್ ಅಂಗಡಿಯ ಕೇಬಲ್ ಟೈ, ಅಡಿಕೆ ಹಾಳೆಯ ರೆಕ್ಕೆ. ಪಕ್ಕದಲ್ಲಿ ಒಂದು ನೋಟುಪುಸ್ತಕ. ನಾವು ಮೊದಲನೆಯದಕ್ಕೆ ಪ್ರಥಮ ಬಹುಮಾನ ಕೊಟ್ಟೆವು. ನೋಟುಪುಸ್ತಕವನ್ನು ನಾನು ತೆರೆದೂ ನೋಡಲಿಲ್ಲ.

ಬಹುಮಾನ ಕೊಟ್ಟ ಮೇಲೆ ಎರಡನ್ನೂ ಮೈದಾನಕ್ಕೆ ಒಯ್ದೆವು. ಕಿತ್ತಳೆ ಬಣ್ಣದ ಲಾಂಚರಿಗೆ ಗಾಳಿ ತುಂಬುತ್ತಿದ್ದಾಗಲೇ ಪಟ್ ಎಂದು ಸದ್ದಾಯಿತು. ಕೊಕ್ಕೆ ಮುರಿದು, ಬಾಟಲಿ ಓರೆಯಾಗಿ ಹಾರಿ, ಮಕ್ಕಳ ತಲೆಗಳ ಮೇಲಿಂದ ಸಾಗಿ ಕಂಪೌಂಡ್ ಗೋಡೆಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಅದು ನಮ್ಮ ಅದೃಷ್ಟ, ನಮ್ಮ ಜಾಣತನವಲ್ಲ. "ಕೊಕ್ಕೆ ಏಕೆ ಮುರಿಯಿತು?" ಎಂದು ಆ ಹುಡುಗನನ್ನು ಕೇಳಿದೆ. "ಗೊತ್ತಿಲ್ಲ ಸರ್, ಮಾಡಿಸಿ ತಂದದ್ದು" ಎಂದ. ಬಾಲಕಿಯ ರಾಕೆಟ್ ಮಾತ್ರ ತೆಂಗಿನ ಮರಗಳನ್ನು ದಾಟಿ ಮೇಲಕ್ಕೆ ಹೋಯಿತು.

ತಪ್ಪು ಆ ಹುಡುಗನದ್ದಲ್ಲ. ಕೇಳಬೇಕಾದ ಪ್ರಶ್ನೆಯನ್ನು ಬಹುಮಾನ ಕೊಡುವ ಮೊದಲು ಕೇಳದೆ, ಕೊಟ್ಟ ಮೇಲೆ ಕೇಳಿದ ನನ್ನದು. ಅಂದಿನಿಂದ ಈ ವಿಷಯದಲ್ಲಿ ನನ್ನದೊಂದು ಖಚಿತ ಅಭಿಪ್ರಾಯವಿದೆ. ಅದನ್ನು ನಿಮ್ಮ ಮುಂದಿಡುತ್ತೇನೆ.

ಹನ್ನೊಂದು ಕಿಲೋ ಹಿಡಿಯುವ ಕೊಕ್ಕೆ

ಮೊದಲು ಈ ಲಾಂಚರ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ತಂಪು ಪಾನೀಯದ ಬಾಟಲಿಯಲ್ಲಿ ಮೂರನೇ ಒಂದು ಭಾಗ ನೀರು ತುಂಬಿ, ಬಾಯಿ ಕೆಳಗಾಗಿ ಒಂದು ಪೈಪಿಗೆ ಸಿಕ್ಕಿಸುತ್ತೇವೆ. ಸೈಕಲ್ ಪಂಪಿನಿಂದ ಗಾಳಿ ತುಂಬಿದಂತೆ ಒಳಗಿನ ಒತ್ತಡ ಏರುತ್ತದೆ. ಬಾಟಲಿಯ ಕುತ್ತಿಗೆಯಲ್ಲಿ ಒಂದು ಉಬ್ಬಿದ ಬಳೆ ಇದೆಯಲ್ಲವೇ? ಪೈಪಿನ ಸುತ್ತ ನಿಲ್ಲಿಸಿ ಕಟ್ಟಿದ ಕೇಬಲ್ ಟೈಗಳ ತಲೆಗಳು ಆ ಬಳೆಯನ್ನು ಹಿಡಿದಿರುತ್ತವೆ. ತಲೆಗಳು ಅಗಲವಾಗದಂತೆ ದೊಡ್ಡ ಪೈಪಿನ ಒಂದು ತುಂಡು ಅವನ್ನು ಸುತ್ತುವರಿದಿರುತ್ತದೆ. ಹಗ್ಗ ಎಳೆದು ಆ ತುಂಡನ್ನು ಕೆಳಗೆ ಸರಿಸಿದರೆ ತಲೆಗಳು ಬಿಚ್ಚಿಕೊಳ್ಳುತ್ತವೆ. ನೀರು ಕೆಳಕ್ಕೆ ಚಿಮ್ಮುತ್ತದೆ, ಬಾಟಲಿ ಮೇಲಕ್ಕೆ ಹಾರುತ್ತದೆ. ನ್ಯೂಟನ್ನನ ಮೂರನೇ ನಿಯಮ ಇದೇ.

ಹಾಗಾದರೆ ಆ ಕೊಕ್ಕೆಗಳ ಮೇಲೆ ಎಷ್ಟು ಬಲ ಬೀಳುತ್ತದೆ? ಬಾಟಲಿಯ ಬಾಯಿಯ ಒಳವ್ಯಾಸ ಸುಮಾರು 2.2 ಸೆಂ.ಮೀ. ಅದರ ವಿಸ್ತೀರ್ಣ ಸುಮಾರು 3.8 ಚದರ ಸೆಂ.ಮೀ. ಪ್ರತಿ ಚದರ ಸೆಂ.ಮೀ.ಗೆ 3 ಕಿ.ಗ್ರಾಂ. ಒತ್ತಡ ತುಂಬಿದಿರಿ ಎನ್ನಿ. 3.8ನ್ನು 3ರಿಂದ ಗುಣಿಸಿ. ಹನ್ನೊಂದು ಕಿಲೋಗಿಂತ ಹೆಚ್ಚು! ಬಾವಿಯಿಂದ ಸೇದಿದ ಒಂದು ದೊಡ್ಡ ಕೊಡ ನೀರಿನ ಭಾರವನ್ನು ಆ ಪುಟ್ಟ ಕೊಕ್ಕೆಗಳು ಹಿಡಿದು ನಿಲ್ಲಬೇಕು. ರಾಕೆಟ್ಟಿಗಿಂತ ಲಾಂಚರ್ ಮುಖ್ಯ ಎಂದು ನಾನು ಹೇಳುವುದು ಇದಕ್ಕೇ.

ಈಗ ಮುದ್ರಿಸಿದ ಕೊಕ್ಕೆಯ ವಿಚಾರಕ್ಕೆ ಬರೋಣ. ತ್ರೀಡಿ ಪ್ರಿಂಟರ್ ಪ್ಲಾಸ್ಟಿಕ್ ಎಳೆಯನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿಸಿ, ಚಕ್ಕುಲಿ ಒತ್ತಿದ ಹಾಗೆ ಸಣ್ಣ ತೂತಿನಿಂದ ಹೊರಬಿಡುತ್ತದೆ. ಒಂದು ಪದರದ ಮೇಲೆ ಇನ್ನೊಂದು ಪದರ ಕೂರುತ್ತದೆ. ಒಂದೊಂದು ಪದರದ ದಪ್ಪ ಸಾಮಾನ್ಯವಾಗಿ 0.2 ಮಿ.ಮೀ. ಪದರದೊಳಗಿನ ಎಳೆ ಗಟ್ಟಿ. ಆದರೆ ಪದರ ಮತ್ತು ಪದರದ ನಡುವಿನ ಅಂಟು ಅಷ್ಟು ಗಟ್ಟಿಯಲ್ಲ. ಬಿದಿರನ್ನು ನೆನಪಿಸಿಕೊಳ್ಳಿ. ಕತ್ತಿ ಇಟ್ಟು ಉದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಮುರಿಯುವುದು ಕಷ್ಟ. ಮುದ್ರಿತ ವಸ್ತುವಿಗೂ ಹೀಗೆ ಒಂದು ದಿಕ್ಕಿನಲ್ಲಿ ಬಲ, ಇನ್ನೊಂದು ದಿಕ್ಕಿನಲ್ಲಿ ದೌರ್ಬಲ್ಯ.

ಅಂದು ಮುರಿದ ಕೊಕ್ಕೆಯನ್ನು ಕೈಯಲ್ಲಿ ಹಿಡಿದು ನೋಡಿದೆ. ಅದನ್ನು ನಿಲ್ಲಿಸಿ ಮುದ್ರಿಸಿದ್ದರು. ಬಾಟಲಿ ಮೇಲಕ್ಕೆ ಎಳೆದಾಗ ಪದರಗಳು ಒಂದರಿಂದ ಒಂದು ಬಿಟ್ಟುಕೊಂಡಿದ್ದವು. ಅದೇ ಕೊಕ್ಕೆಯನ್ನು ಮಲಗಿಸಿ ಮುದ್ರಿಸಿದ್ದರೆ ಎಳೆಗಳು ಬಲದ ದಿಕ್ಕಿಗೇ ಸಾಗುತ್ತಿದ್ದವು, ಕೊಕ್ಕೆ ಹೆಚ್ಚು ಗಟ್ಟಿಯಾಗುತ್ತಿತ್ತು. ಇನ್ನೊಂದು ಸಂಗತಿ. ಶಾಲೆಗಳಲ್ಲಿ ಹೆಚ್ಚಾಗಿ ಬಳಸುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಯಲ್ಲೇ ಮೆತ್ತಗಾಗುತ್ತದೆ. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಬಾಗಿಲು ಮುಚ್ಚಿದ ವಾಹನದೊಳಗೆ ಇಟ್ಟರೆ ಅದು ಸೊಟ್ಟಗಾದೀತು.

ನಗರದ ಬಾವಿಯಿಂದ ಒಂದು ಪಾಠ

"ಸರ್, ಬೇರೆಯವರು ಮಾಡಿದ್ದನ್ನು ನಕಲು ಮಾಡುವುದೇ ತಪ್ಪಲ್ಲವೇ?" ಎಂದು ನೀವು ಕೇಳಬಹುದು. ಪರೀಕ್ಷೆಯಲ್ಲಿ ತಪ್ಪು. ಪ್ರಯೋಗದಲ್ಲಿ ಅಲ್ಲ. ಇದಕ್ಕೆ ಸಾಕ್ಷಿ ನಮ್ಮ ಘಟ್ಟದ ಮೇಲೆಯೇ ಇದೆ.

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನಲ್ಲಿ ನಗರ ಎಂಬ ಊರಿದೆ. ಅದರ ಹಳೆಯ ಹೆಸರು ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದುಕೊಂಡ. 2018ರ ಜುಲೈ ತಿಂಗಳಲ್ಲಿ ಪುರಾತತ್ತ್ವ ಇಲಾಖೆಯವರು ಅಲ್ಲಿಯ ಒಂದು ಹಳೆಯ ಬಾವಿಯನ್ನು ಅಗೆಸಿದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕಿದವು. ಅವು ಟಿಪ್ಪು ಸುಲ್ತಾನನ ಕಾಲದವು. ಒಂದೊಂದೂ ಸುಮಾರು ಒಂದು ಗೇಣು ಉದ್ದ. ಕಬ್ಬಿಣದ ಕವಚ ಏಕೆ ಗೊತ್ತೇ? ಕಾಗದ ಅಥವಾ ಬಿದಿರಿನ ಕೊಳವೆಗಿಂತ ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ. ಒಳಗಿನ ಒತ್ತಡ ಹೆಚ್ಚಿದಷ್ಟೂ ರಾಕೆಟ್ ದೂರ ಹೋಗುತ್ತದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಇಂತಹ ರಾಕೆಟ್ಟುಗಳನ್ನು ಇಂಗ್ಲೆಂಡಿಗೆ ಸಾಗಿಸಿದರು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ ಅವುಗಳಿಂದ ಕಲಿತು ತನ್ನ ರಾಕೆಟ್ಟುಗಳನ್ನು ಮಾಡಿದ. ಮೈಸೂರಿನ ರಾಕೆಟ್ಟುಗಳಿಗೆ ಬಿದಿರಿನ ಕೋಲನ್ನು ಪಕ್ಕದಲ್ಲಿ ಕಟ್ಟುತ್ತಿದ್ದರು. ಕಾಂಗ್ರೀವನೂ ಮೊದಲು ಕೋಲನ್ನು ಪಕ್ಕದಲ್ಲಿಯೇ ಇಟ್ಟ. ರಾಕೆಟ್ ನೇರ ಹೋಗದೆ ಗುರಿ ತಪ್ಪುವುದನ್ನು ಕಂಡು, 1815ರ ಹೊತ್ತಿಗೆ ಕೋಲನ್ನು ತಳದ ನಡುವಿಗೆ ತಂದ. 1844ರಲ್ಲಿ ವಿಲಿಯಂ ಹೇಲ್ ಎಂಬಾತ ಕೋಲನ್ನೇ ಬಿಟ್ಟು, ರಾಕೆಟ್ಟನ್ನು ಬುಗುರಿಯಂತೆ ತಿರುಗಿಸಿ ನೇರ ಹಾರಿಸುವ ಉಪಾಯ ಕಂಡುಹಿಡಿದ. ಅವೆಲ್ಲ ಯುದ್ಧದ ಆಯುಧಗಳು, ನಾವು ಮಾಡುವಂಥವಲ್ಲ. ಆದರೆ ಅವರು ನಡೆದ ಕ್ರಮವನ್ನು ಗಮನಿಸಿ. ಮೊದಲು ಇದ್ದುದನ್ನು ಇದ್ದ ಹಾಗೆ ಮಾಡಿದರು. ಎಲ್ಲಿ ಸೋಲುತ್ತದೆ ಎಂದು ಕಂಡುಕೊಂಡರು. ಆ ಭಾಗವನ್ನು ಬದಲಿಸಿದರು.

ಇಂದಿನ ನಮ್ಮ ವಿಜ್ಞಾನಿಗಳೂ ಹೀಗೆಯೇ. ಇಸ್ರೋ ಸಂಸ್ಥೆಯು ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಎಂಜಿನನ್ನು ಲೋಹದ ಪುಡಿಯಿಂದ ಮುದ್ರಿಸಿ, 2024ರ ಮೇ 9ರಂದು 665 ಸೆಕೆಂಡುಗಳ ಕಾಲ ಉರಿಸಿ ಪರೀಕ್ಷಿಸಿತು. ಮೊದಲು 14 ಬಿಡಿಭಾಗಗಳಿಂದ ಮಾಡುತ್ತಿದ್ದುದು ಈಗ ಒಂದೇ ತುಂಡಾಯಿತು. 19 ಬೆಸುಗೆಗಳು ಇಲ್ಲವಾದವು. ಬೆಸುಗೆ ಎಂದರೆ ಸೋರಬಹುದಾದ, ಬಿರಿಯಬಹುದಾದ ಜಾಗ. ಮುದ್ರಿಸಿದ್ದು ಚಂದ ಕಾಣಲೆಂದು ಅಲ್ಲ, ಕಾರಣವಿತ್ತು.

ನೀವು ಮಾಡುವುದಾದರೆ

ಆದ್ದರಿಂದ ನನ್ನ ಸಲಹೆ ಇಷ್ಟು. ಮೊದಲು ಪೈಪು ಮತ್ತು ಕೇಬಲ್ ಟೈಗಳ ಹಳೆಯ ಲಾಂಚರನ್ನೇ ಮಾಡಿ. ಅಂಗಡಿಗೆ ಹೋಗುವಾಗ ಬಾಟಲಿಯನ್ನೂ ಒಯ್ಯಿರಿ. ಅರ್ಧ ಇಂಚಿನ ಪೈಪುಗಳೆಲ್ಲ ಒಂದೇ ದಪ್ಪ ಇರುವುದಿಲ್ಲ. ಬಾಟಲಿಯ ಬಾಯಿಯೊಳಗೆ ಅಲುಗಾಡದೆ, ಬಿಗಿಯಾಗದೆ ಜಾರುವ ಪೈಪನ್ನು ಆರಿಸಿ. ಸೋರಿದರೆ ಪಂಪ್‌ಸೆಟ್ ರಿಪೇರಿ ಅಂಗಡಿಯ ರಬ್ಬರ್ ರಿಂಗ್ ಹಾಕಿ ನೋಡಿ.

ಆಮೇಲೆ ಹಾರಿಸಿ, ಅಳೆಯಿರಿ. ಪ್ರತಿ ಸಲವೂ ಅಷ್ಟೇ ನೀರು, ಅಷ್ಟೇ ಒತ್ತಡ ಇರಲಿ. ಲಾಂಚರಿನಿಂದ 30 ಮೀಟರ್ ದೂರ ನಿಂತು, ಕೋನಮಾಪಕಕ್ಕೆ ದಾರ ಮತ್ತು ಕಲ್ಲು ಕಟ್ಟಿ ಕೋನ ನೋಡಿ. 45 ಡಿಗ್ರಿ ಬಂದರೆ ಎತ್ತರವೂ 30 ಮೀಟರ್, ಅದಕ್ಕೆ ನಿಮ್ಮ ಕಣ್ಣಿನ ಎತ್ತರ ಕೂಡಿಸಿ. ಬೇರೆ ಕೋನ ಬಂದರೆ ಗ್ರಾಫ್ ಹಾಳೆಯಲ್ಲಿ ಚಿತ್ರ ಬರೆದು ಅಳೆಯಿರಿ. ಮೂರು ಸಲ ಹಾರಿಸಿ ಸರಾಸರಿ ತೆಗೆಯಿರಿ. ಮಧ್ಯಾಹ್ನ ಕಡಲಗಾಳಿ ಜೋರಾಗಿ ರಾಕೆಟ್ಟನ್ನು ಎಳೆದೊಯ್ಯುತ್ತದೆ, ಹಾಗಾಗಿ ಬೆಳಗ್ಗೆಯೇ ಹಾರಿಸಿ.

ಅಳೆದ ಮೇಲಷ್ಟೇ ಒಂದು ಭಾಗವನ್ನು ಬದಲಿಸಿ. ಒಂದನ್ನು ಮಾತ್ರ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಲಾಭವಾಯಿತು ಎಂದು ತಿಳಿಯದು. ಅಡಿಕೆ ಹಾಳೆಯ ರೆಕ್ಕೆ ಹಗುರ, ಬಿದ್ದರೂ ಮುರಿಯದು, ಆದರೆ ನೆನೆದರೆ ಮೆತ್ತಗಾಗುತ್ತದೆ. ಮುದ್ರಿತ ರೆಕ್ಕೆ ನೆನೆಯದು, ಆದರೆ ಭಾರ, ಬಿದ್ದರೆ ಬಿರಿದೀತು. ಯಾವುದು ಮೇಲು? ನನ್ನನ್ನು ಕೇಳಬೇಡಿ, ನಿಮ್ಮ ನೋಟುಪುಸ್ತಕವನ್ನು ಕೇಳಿ.

ನಮ್ಮ ಶಾಲೆಯಲ್ಲಿ ಪ್ರಿಂಟರ್ ಇಲ್ಲವಲ್ಲ ಎಂದು ಬೇಸರಿಸಬೇಡಿ. 2016ರಿಂದ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು 6ರಿಂದ 12ನೇ ತರಗತಿಯವರಿಗಾಗಿಯೇ ಇವೆ. ಹತ್ತಿರದ ಯಾವುದಾದರೂ ಪ್ರೌಢಶಾಲೆಯಲ್ಲಿ ಇದ್ದರೆ ನಿಮ್ಮ ಶಿಕ್ಷಕರು ಕೇಳಿ ನೋಡಲಿ. ಆದರೆ ಪ್ರಿಂಟರಿಗೆ ಬೇಕಾದದ್ದು ಅಳತೆ. ಬಾಟಲಿಯ ಬಳೆಯ ವ್ಯಾಸ, ಪೈಪಿನ ದಪ್ಪ, ಕೊಕ್ಕೆಯ ಉದ್ದ ಇವನ್ನು ಅಳೆದು ಚಿತ್ರ ಬರೆಯಲು ಬಂದರೆ ಅರ್ಧ ಕೆಲಸ ಮುಗಿದಂತೆ. ಅಳತೆ ಇಲ್ಲದವರಿಗೆ ಯಂತ್ರ ಇದ್ದೂ ಪ್ರಯೋಜನವಿಲ್ಲ.

ಎಚ್ಚರಿಕೆಯ ಮಾತು ಮರೆಯಬೇಡಿ. ಶಿಕ್ಷಕರಿಲ್ಲದೆ ಹಾರಿಸಬೇಡಿ. ತಂಪು ಪಾನೀಯದ ಬಾಟಲಿ ಒತ್ತಡ ತಡೆಯಲೆಂದೇ ಮಾಡಿದ್ದು, ಕುಡಿಯುವ ನೀರಿನ ತೆಳು ಬಾಟಲಿ ಹಾಗಲ್ಲ. ಗೀರು ಬಿದ್ದ ಬಾಟಲಿ ಬಳಸಬೇಡಿ. ಒತ್ತಡ ತೋರಿಸುವ ಮೀಟರ್ ಇರುವ ಪಂಪನ್ನೇ ಬಳಸಿ, 40 ಪಿಎಸ್‌ಐ ದಾಟಬೇಡಿ. ಹಗ್ಗ ಉದ್ದವಿರಲಿ, ಗಾಳಿ ತುಂಬಿದ ಬಾಟಲಿಯ ಮೇಲೆ ಯಾರೂ ಬಗ್ಗಬಾರದು. ಪಟಾಕಿಯ ಮದ್ದನ್ನಂತೂ ಮುಟ್ಟಲೇಬೇಡಿ. ನೀರು ಮತ್ತು ಗಾಳಿ ಸಾಕು.

ಕೊನೆಯದಾಗಿ ಶಿಕ್ಷಕರಿಗೆ, ತೀರ್ಪುಗಾರರಿಗೆ ಒಂದು ಮಾತು. ಮುದ್ರಿತ ಮಾದರಿ ಬೇಡವೆಂದು ನಾನು ಹೇಳುತ್ತಿಲ್ಲ. ಮಾದರಿಯನ್ನು ನೋಡುವ ಮೊದಲು ನೋಟುಪುಸ್ತಕವನ್ನು ನೋಡೋಣ. "ಇದು ಎಷ್ಟು ಸಲ ಕೆಟ್ಟಿತು? ಆಗ ಏನು ಮಾಡಿದೆ?" ಎಂದು ಕೇಳೋಣ. ಆ ಬಾಲಕಿಯ ನೋಟುಪುಸ್ತಕವನ್ನು ನಾನು ಸಂಜೆ ಕೇಳಿ ಪಡೆದು ಓದಿದೆ. ಹದಿನೇಳು ಪ್ರಯೋಗಗಳು. ಅವುಗಳಲ್ಲಿ ಹನ್ನೊಂದರ ಮುಂದೆ ಅವಳು ಬರೆದಿದ್ದುದು ಒಂದೇ ಶಬ್ದ: "ಸೋರಿತು." ಪ್ರತಿ ಸಲವೂ ಎಲ್ಲಿ ಸೋರಿತು ಎಂಬುದನ್ನು ಕೆಳಗೆ ಚಿತ್ರ ಬರೆದು ತೋರಿಸಿದ್ದಳು. ಪ್ರಥಮ ಬಹುಮಾನ ಆ ಹನ್ನೊಂದು ಚಿತ್ರಗಳಿಗೆ ಸಲ್ಲಬೇಕಾಗಿತ್ತು.

ನಿಮ್ಮ ಲಾಂಚರ್ ಎಲ್ಲಿ ಸೋರಿತು? ಬರೆದಿಡಿ. ಮುಂದಿನ ವಸ್ತುಪ್ರದರ್ಶನದಲ್ಲಿ ನಾನು ಮೊದಲು ಕೇಳುವುದು ಅದನ್ನೇ.