ನಲವತ್ತು ಸಾಲಿನ ಸ್ಕ್ರಿಪ್ಟಿಗೆ ಪ್ಯಾಕೇಜ್ ಯಾಕೆ ಅಂತೀರಾ?

ನಲವತ್ತು ಸಾಲಿನ ಶೆಲ್ ಸ್ಕ್ರಿಪ್ಟಿಗೆ ಡೆಬಿಯನ್ ಪ್ಯಾಕೇಜ್ ಮಾಡ್ತೀನಿ ಅಂದಿದ್ದಕ್ಕೆ ಮೊನ್ನೆ ಗೆಳೆಯನೊಬ್ಬ ನಕ್ಕುಬಿಟ್ಟ. "ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಯಾಕೋ ಮಾರಾಯ? ಸರ್ವರ್‌ಗೆ ಕಾಪಿ ಮಾಡು, ಪರ್ಮಿಷನ್ ಕೊಡು, ಮುಗೀತು."

ಈ 'ಮುಗೀತು' ಅನ್ನೋ ಮಾತಿನ ಮೇಲೇ ನನ್ನ ತಕರಾರು. ಮುಗಿಯೋದಿಲ್ಲ ಸ್ವಾಮಿ, ತಲೆನೋವು ಅಲ್ಲಿಂದಲೇ ಶುರು!

ಹಿಂದೆ ಕೆಲಸ ಮಾಡ್ತಿದ್ದ ಕಡೆ ಹಳೇ ಬ್ಯಾಕಪ್ ಅಳಿಸೋ ಸ್ಕ್ರಿಪ್ಟ್ ಒಂದಿತ್ತು. ಐದು ಸರ್ವರ್‌ಗಳಿಗೆ ಹೀಗೇ ಕಾಪಿ ಆಗಿತ್ತು. 7 ದಿನದ ಬದಲು 30 ದಿನ ಇಟ್ಕೊಳ್ಳೋಣ ಅಂತ ತಿದ್ದಿದಾಗ ನಾಲ್ಕಕ್ಕೆ ಹೊಸದು ಹೋಯ್ತು, ಐದನೆಯದು ಮರೆತುಹೋಯ್ತು. ಮರೆತವನು ನಾನೇ. ಹದಿನೈದು ದಿನ ಹಿಂದಿನ ಡೇಟಾಬೇಸ್ ಬೇಕಾಗಿ ಬಂದಿದ್ದು ಸರಿಯಾಗಿ ಅದೇ ಐದನೇ ಸರ್ವರಿನಲ್ಲಿ. ಇರಲಿಲ್ಲ. ಯಾವ ಸರ್ವರಿನಲ್ಲಿ ಯಾವ ಆವೃತ್ತಿ ಅಂತ ಹೇಳೋಕೆ ಒಬ್ಬರಿಗೂ ಆಗಲಿಲ್ಲ. ಪ್ಯಾಕೇಜ್ ಆಗಿದ್ದಿದ್ರೆ ಡಿಪಿಕೆಜಿ ಒಂದೇ ಸಾಲಿನಲ್ಲಿ ಹೇಳ್ತಿತ್ತು.

"ಒಂದು ಇನ್‌ಸ್ಟಾಲ್ ಸ್ಕ್ರಿಪ್ಟ್ ಬರೆದ್ರೆ ಸಾಕು" ಅನ್ನೋರೂ ಇದ್ದಾರೆ. 2011ರಲ್ಲಿ ಬಂಬಲ್‌ಬೀ ಯೋಜನೆಯ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಒಂದೇ ಒಂದು ಸ್ಪೇಸ್ ಹೆಚ್ಚಾಗಿ, ಅಳಿಸಬೇಕಿದ್ದ ಫೋಲ್ಡರ್ ಬಿಟ್ಟು ಇಡೀ /ಯುಎಸ್‌ಆರ್ ಅಳಿಸಿಹೋಗ್ತಿತ್ತು. ಪ್ಯಾಕೇಜಿನಲ್ಲೂ ರೂಟ್ ಆಗಿ ಓಡೋ ಸ್ಕ್ರಿಪ್ಟ್ ಇಡಬಹುದಲ್ಲ ಅಂತೀರಾ? ಇಡಬಹುದು, ಒಪ್ಪಿದೆ. ಆದ್ರೆ ಇಂಥ ಸಣ್ಣ ಕೆಲಸಕ್ಕೆ ಅದರ ಅಗತ್ಯವೇ ಬರೋದಿಲ್ಲ. ಡಿಪಿಕೆಜಿ ತಾನು ಇಟ್ಟ ಫೈಲುಗಳ ಪಟ್ಟಿ ಇಟ್ಕೊಂಡಿರುತ್ತೆ, ತೆಗೆಯುವಾಗ ಅಷ್ಟನ್ನೇ ತೆಗೆಯುತ್ತೆ.

ಇನ್ನು ಕಷ್ಟದ ಮಾತು. 'ಡೆಬಿಯನ್' ಅನ್ನೋ ಫೋಲ್ಡರಿನಲ್ಲಿ ಕಂಟ್ರೋಲ್, ಚೇಂಜ್‌ಲಾಗ್, ರೂಲ್ಸ್, ಕಾಪಿರೈಟ್, ಇನ್‌ಸ್ಟಾಲ್, ಜೊತೆಗೆ ಸೋರ್ಸ್ ಫಾರ್ಮ್ಯಾಟ್ ಹೇಳೋ ಪುಟ್ಟ ಫೈಲು. ರೂಲ್ಸ್ ಅಂದ್ರೆ ಮೂರು ಸಾಲು, ಉಳಿದದ್ದು ಡೆಬ್‌ಹೆಲ್ಪರ್ ಪಾಲು. ಇನ್‌ಸ್ಟಾಲ್ ಅಂದ್ರೆ ಒಂದು ಸಾಲು. ಚೇಂಜ್‌ಲಾಗ್ ಮಾತ್ರ ಮಹಾ ಮಡಿ, ಮೇಲ್ ವಿಳಾಸಕ್ಕೂ ತಾರೀಖಿಗೂ ನಡುವೆ ಎರಡು ಸ್ಪೇಸ್ ಬೇಕೇ ಬೇಕು! ಅದಕ್ಕೂ ದಾರಿ ಇದೆ. ಹೇಗೂ ಗಿಟ್‌ನಲ್ಲಿ ಕಮಿಟ್ ಮಾಡ್ತೀವಲ್ಲ, ಗಿಟ್-ಬಿಲ್ಡ್‌ಪ್ಯಾಕೇಜ್ ಆ ಕಮಿಟ್ ಸಂದೇಶಗಳಿಂದಲೇ ಚೇಂಜ್‌ಲಾಗ್ ಬರೆದು ಕೊಡುತ್ತೆ, ಹೇಳಿದ್ರೆ ಟ್ಯಾಗನ್ನೂ ಹಾಕುತ್ತೆ. ಮೊದಲ ಸಲ ನನಗೆ ಒಂದು ಮಧ್ಯಾಹ್ನ ಪೂರ್ತಿ ಹಿಡೀತು. ಎರಡನೇ ಸಲ ಕಾಫಿ ಆರೋದ್ರೊಳಗೆ ಆಯ್ತು.

ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಕಂಟ್ರೋಲ್ ಫೈಲಿನಲ್ಲಿ ಅವಲಂಬನೆ ಬರೀಬೇಕಾದಾಗಲೇ ಗೊತ್ತಾಗಿದ್ದು, ನನ್ನ ಸ್ಕ್ರಿಪ್ಟ್ ಆರ್‌ಸಿಂಕ್ ಇಲ್ಲದೆ ನಡೆಯೋದೇ ಇಲ್ಲ ಅಂತ. ಜೊತೆಗೆ /ಬಿನ್/ಎಸ್‌ಎಚ್ ಅಂತ ಮೇಲೆ ಬರೆದು ಒಳಗೆಲ್ಲ ಬ್ಯಾಶ್ ತುಂಬಿದ್ದೆ. ಡೆಬಿಯನ್‌ನಲ್ಲಿ ಅದು ಡ್ಯಾಶ್! ಚೆಕ್‌ಬ್ಯಾಶಿಸಮ್ಸ್ ಓಡಿಸಿದಾಗ ಮಾನ ಹೋಯ್ತು.

ನಿಮ್ಮೊಬ್ಬರ ಲ್ಯಾಪ್‌ಟಾಪಿಗೆ ಮಾತ್ರ ಬರೆದ ಸ್ಕ್ರಿಪ್ಟಿಗೆ ಇದೆಲ್ಲ ಬೇಡ, ಖಂಡಿತ ಬೇಡ. ಆದ್ರೆ ಅದು ಎರಡನೇ ಮಶೀನಿಗೆ ಹೋಯ್ತೋ, ಅದು ಸಾಫ್ಟ್‌ವೇರ್. ಸಾಲು ಎಷ್ಟು ಅನ್ನೋದು ಮುಖ್ಯ ಅಲ್ಲ, ಅದು ಏನು ಅಳಿಸಬಲ್ಲದು ಅನ್ನೋದು ಮುಖ್ಯ.

ಒಮ್ಮೆ ನಿಮ್ಮ ಸರ್ವರಿನ /ಯುಎಸ್‌ಆರ್/ಲೋಕಲ್/ಬಿನ್ ಒಳಗೆ ಇಣುಕಿ ನೋಡಿ. ಅಲ್ಲಿರೋ ಪ್ರತಿಯೊಂದೂ ಯಾರು, ಯಾವಾಗ, ಯಾಕೆ ಹಾಕಿದ್ದು ಅಂತ ಹೇಳಬಲ್ಲಿರಾ? ಹೇಳಿದವರ ಜೊತೆ ನಾನು ವಾದಕ್ಕಿಳಿಯೋದಿಲ್ಲ. ಉಳಿದವರು ಇವತ್ತೇ ಒಂದು ಮಧ್ಯಾಹ್ನ ಎತ್ತಿಡಿ.