ಸುಡದೆ ಉಳಿದ ಕೌದಿ

ಸ್ವರ್ಗಕ್ಕೆ ಹೋದರೆ ಚಿತ್ರ ಬರೆಯುತ್ತೇನೆ ಎನ್ನುತ್ತಾನೆ ಹುಡುಗ. ಭಾನುವಾರದ ಬೈಬಲ್ ತರಗತಿಯ ಟೀಚರಮ್ಮ ಒಪ್ಪುವುದಿಲ್ಲ. ಅಲ್ಲಿ ಹಾಡಿ ದೇವರನ್ನು ಸ್ತುತಿಸಬೇಕು, ಚಿತ್ರದಿಂದ ಎಂಥ ಸ್ತುತಿ? ಅಮೆರಿಕದ ಚಿತ್ರಕಾರ ಕ್ರೇಗ್ ಥಾಂಪ್ಸನ್ 2003ರಲ್ಲಿ ಪ್ರಕಟಿಸಿದ ‘ಬ್ಲ್ಯಾಂಕೆಟ್ಸ್’ ಎಂಬ ಕಪ್ಪುಬಿಳುಪು ಚಿತ್ರಕಥನದಲ್ಲಿ ಈ ಪ್ರಸಂಗವಿದೆ. ಸುಮಾರು ಆರುನೂರು ಪುಟಗಳ ಆತ್ಮಕಥೆ. ಆ ಹುಡುಗ ಥಾಂಪ್ಸನ್ ಅವರೇ.

ಅವರು ಬೆಳೆದದ್ದು ವಿಸ್ಕಾನ್ಸಿನ್ ರಾಜ್ಯದ ಮ್ಯಾರಥಾನ್ ಎಂಬ ಸಣ್ಣ ಊರಿನಲ್ಲಿ, ಕಟ್ಟಾ ಕ್ರೈಸ್ತ ಮನೆಯಲ್ಲಿ. ಕೈ ಬಿಗಿಯಾದ ಸಂಸಾರ. ಅಣ್ಣತಮ್ಮರಿಗೆ ಒಂದೇ ಹಾಸಿಗೆ, ಬೇಸಿಗೆಯಲ್ಲಿ ಜಿನ್ಸೆಂಗ್ ಹೊಲಗಳಲ್ಲಿ ಕೂಲಿ. ಶಾಲೆಯಲ್ಲಿ ಸಹಪಾಠಿಗಳ ಕಾಟ, ಮನೆಯಲ್ಲಿ ಪಾಪದ ಭಯ. ಇದ್ದ ಆಸರೆಯೆಂದರೆ ಚಿತ್ರವೊಂದೇ. ಆ ಆಸರೆಯೇ ಪಾಪವೆಂದು ಮನಸ್ಸಿಗೆ ಹೊಕ್ಕ ದಿನ ಅವನು ತನ್ನ ಚಿತ್ರಗಳನ್ನೆಲ್ಲ ಬೆಂಕಿಗೆ ಹಾಕುತ್ತಾನೆ.

ಈ ಪುಟಗಳನ್ನು ದಾಟಿ ಮುಂದೆ ಹೋಗಲು ನನಗೆ ಹೊತ್ತು ಹಿಡಿಯಿತು. ಇಂಗ್ಲೆಂಡಿನ ಲೇಖಕಿ ಜನೆಟ್ ವಿಂಟರ್ಸನ್ ಹುಡುಗಿಯಾಗಿದ್ದಾಗ ಹಾಸಿಗೆಯಡಿ ಬಚ್ಚಿಟ್ಟಿದ್ದ ಪುಸ್ತಕಗಳನ್ನು ಸುಟ್ಟವರು ಅವರ ಸಾಕುತಾಯಿ. ಅಲ್ಲಿ ಸಿಟ್ಟಾಗಲು ಎದುರಿಗೊಬ್ಬರಿದ್ದರು. ಇಲ್ಲಿ ಸುಟ್ಟದ್ದು ಬರೆದ ಕೈಯೇ, ಅದೂ ದೇವರಿಗೆ ಮೆಚ್ಚುಗೆಯಾಗಲೆಂದು. ಗದರಿಸುವವರು ಎದುರಿಗಿಲ್ಲದಿದ್ದರೂ ಮಗು ತನ್ನನ್ನು ತಾನೇ ಗದರಿಸಿಕೊಳ್ಳುವಂತಾಗುವುದು, ನನ್ನ ಮಟ್ಟಿಗೆ, ಇಂಥ ಬೆಳವಣಿಗೆಯ ಅತಿ ಆಳದ ಗಾಯ.

ಹಾಗೆಂದು ಇದು ದೂರಿನ ಪುಸ್ತಕವಲ್ಲ. ತಾನಿನ್ನು ಕ್ರೈಸ್ತನಾಗಿ ಉಳಿದಿಲ್ಲವೆಂದು ಹೆತ್ತವರಿಗೆ ತಿಳಿಸಲು ಈ ಪುಸ್ತಕವೇ ದಾರಿಯಾಯಿತು ಎಂದು ಥಾಂಪ್ಸನ್ ಹೇಳಿಕೊಂಡಿದ್ದಾರೆ. ಚರ್ಚು ಬಿಟ್ಟ ಮೇಲೂ ಕಥೆಯ ಕ್ರೇಗ್ ಯೇಸುವಿನ ಬೋಧನೆಯನ್ನು ಬಿಡುವುದಿಲ್ಲ. ಅವನ ಪ್ರೀತಿಯ ಕಥೆಯೂ ಹಾಗೆಯೇ. ಚರ್ಚಿನ ಚಳಿಗಾಲದ ಶಿಬಿರದಲ್ಲಿ ಸಿಕ್ಕ ಗೆಳತಿ ರೈನಾ ಅವನಿಗಾಗಿ ಬಟ್ಟೆ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿದು ಕೊಟ್ಟಿರುತ್ತಾಳೆ. ಉತ್ತರ ಕರ್ನಾಟಕದ ಮನೆಗಳ ಕೌದಿ ಹೊದ್ದವರಿಗೆ ಅದರ ಬಿಸುಪು ಗೊತ್ತು. ಪ್ರೀತಿ ಮುರಿದಾಗ ಅವಳ ನೆನಪುಗಳನ್ನೆಲ್ಲ ಸುಡುವ ಕ್ರೇಗ್, ಕೌದಿಯೊಂದನ್ನು ಮಾತ್ರ ಸುಡಲಾರ, ಮಡಚಿ ಎತ್ತಿಡುತ್ತಾನೆ.

ಮಡಿ, ವ್ರತ, ನೇಮ, ಉಪವಾಸಗಳ ಬಿಗಿಯಲ್ಲಿ ಬೆಳೆದ ಓದುಗರು ನಮ್ಮಲ್ಲೂ ಇದ್ದೀರಿ. ನೀವು ಸುಟ್ಟದ್ದೇನು, ಎತ್ತಿಟ್ಟದ್ದೇನು, ಬರೆದು ಕಳಿಸಿ. ಬೇಡವೆಂದರೆ ಹೆಸರನ್ನು ಅಚ್ಚು ಹಾಕುವುದಿಲ್ಲ.