ಎರಡನೇ ಬ್ಯಾಟರಿಯೂ ಮಾರಿಕಣಿವೆಯೂ

ಹಿರಿಯೂರಿನಿಂದ ಓದುಗರೊಬ್ಬರ ಪತ್ರ ಬಂದಿದೆ. ಅವರು ಹಳೆಯ ಕಾರೊಂದನ್ನು ಕೊಂಡು ಅದರ ಡಿಕ್ಕಿಯಲ್ಲಿ ದೊಡ್ಡ ಆಂಪ್ಲಿಫೈಯರನ್ನೂ ಎರಡು ವೂಫರುಗಳನ್ನೂ ಕೂರಿಸಿದ್ದಾರೆ. ಬೇಸ್ ಗುಮ್ಮೆಂದಾಗಲೆಲ್ಲ ಹೆಡ್‌ಲೈಟು ಕಣ್ಣು ಮಿಟುಕಿಸುತ್ತದಂತೆ. ಮಾರಿಕಣಿವೆಯ ಹತ್ತಿರ ಎಂಜಿನ್ ನಿಲ್ಲಿಸಿ ಒಂದೂವರೆ ಗಂಟೆ ಹಾಡು ಕೇಳಿದರೆ ಹೊರಡುವ ಹೊತ್ತಿಗೆ ಸೆಲ್ಫ್ ತೆಗೆದುಕೊಳ್ಳುವುದಿಲ್ಲ, ತಳ್ಳಬೇಕು. ಇನ್ನೊಂದು ಬ್ಯಾಟರಿ ಹಾಕಿಸಿದರೆ ಎರಡೂ ಕಾಯಿಲೆ ವಾಸಿ ಎಂದು ಅಂಗಡಿಯವರು ಹೇಳಿದ್ದಾರೆ. ಹಾಕಿಸಲೇ ಎಂಬುದು ಅವರ ಪ್ರಶ್ನೆ.

ಎರಡು ಕಾಯಿಲೆಗೆ ಒಂದೇ ಮದ್ದು ಇಲ್ಲಿ ನಡೆಯುವುದಿಲ್ಲ. ಹಿರಿಯೂರಿನವರಿಗೆ ಇದನ್ನು ವಿವರಿಸುವುದು ಸುಲಭ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 30 ಟಿಎಂಸಿ ನೀರು ಹಿಡಿಯಬಲ್ಲದು. ಆದರೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಕಾಣಲು 2022ರವರೆಗೆ, ಎಂದರೆ 89 ವರ್ಷ ಕಾಯಬೇಕಾಯಿತು. ಕಟ್ಟೆ ದೊಡ್ಡದಿದ್ದರೆ ಸಾಕೇ, ನೀರು ಬರಬೇಡವೇ? ಬ್ಯಾಟರಿಯೂ ಒಂದು ಕಟ್ಟೆ. ಮಳೆ ಸುರಿಸುವುದು ಬಾನೆಟ್ಟಿನ ಕೆಳಗಿರುವ ಆಲ್ಟರ್ನೇಟರ್. ಎಂಜಿನ್ ಓಡುತ್ತಿರುವಾಗ ದೀಪ, ಫ್ಯಾನು, ಹಾಡು ಎಲ್ಲಕ್ಕೂ ಕರೆಂಟು ಕೊಡುವುದು ಅದೇ. ಬ್ಯಾಟರಿಗೂ ಅದೇ ತುಂಬಿಸಬೇಕು. ಎರಡನೇ ಬ್ಯಾಟರಿ ಹಾಕಿದಿರೆಂದರೆ ಅದಕ್ಕೆ ಇನ್ನೊಂದು ಬಾಯಿಗೆ ಅನ್ನ ಹಾಕುವ ಕೆಲಸ ಹೆಚ್ಚಿತು, ಅಷ್ಟೇ.

ಲೆಕ್ಕ ನೋಡಿ. ನಿಜಕ್ಕೂ 1000 ವಾಟ್ ಕೊಡುವ ಆಂಪ್ಲಿಫೈಯರ್ ಗರಿಷ್ಠ ಸದ್ದಿನಲ್ಲಿ ಸುಮಾರು 100 ಆಂಪಿಯರ್ ಎಳೆಯುತ್ತದೆ. (ಪೆಟ್ಟಿಗೆಯ ಮೇಲೆ ಬರೆದ ವಾಟಿನ ಲೆಕ್ಕ ಬೇರೆ, ಅದು ಜಾತ್ರೆಯ ಮಿಠಾಯಿ ಅಂಗಡಿಯ ಬೋರ್ಡಿನಂತೆ.) ಹಾಡು ಒಂದೇ ಸಮ ಗರಿಷ್ಠದಲ್ಲಿ ಇರುವುದಿಲ್ಲವಾಗಿ ಸರಾಸರಿ ಇದಕ್ಕಿಂತ ಬಹಳ ಕಡಿಮೆ. ಆದರೂ ಸಣ್ಣ ಕಾರಿನ ಆಲ್ಟರ್ನೇಟರ್ 60ರಿಂದ 90 ಆಂಪಿಯರಿನದು, ಅದರಲ್ಲಿ ಕಾರಿನ ಸ್ವಂತ ಖರ್ಚೇ ಸಾಕಷ್ಟಿದೆ. ಹೀಗಾಗಿ ಬೇಸಿನ ಪ್ರತಿ ಏಟಿಗೂ ವೋಲ್ಟೇಜ್ ಕುಸಿಯುತ್ತದೆ, ದೀಪ ಮಂಕಾಗುತ್ತದೆ. ಎರಡನೇ ಬ್ಯಾಟರಿ ಅದನ್ನು ಸ್ವಲ್ಪ ಮರೆಸೀತು, ಗುಣಪಡಿಸಲಾರದು. ಅದಕ್ಕೆ ಮೊದಲು ನೋಡಬೇಕಾದ್ದು ಬೇರೆ: ಬೆಲ್ಟ್ ಸಡಿಲವೇ, ಆಲ್ಟರ್ನೇಟರಿನಿಂದ ಬ್ಯಾಟರಿಗೆ ಬರುವ ವೈರು ಸಣ್ಣದೇ, ಆಂಪ್ಲಿಫೈಯರಿನ ಅರ್ತ್ ವೈರನ್ನು ಬಣ್ಣದ ಮೇಲೆಯೇ ಬೋಲ್ಟ್ ಹಾಕಿ ಬಿಗಿದಿದ್ದಾರೆಯೇ? ಬಣ್ಣ ಕೆರೆದು ಹೊಳೆಯುವ ತಗಡಿಗೆ ಬಿಗಿದರೆ ಎಷ್ಟೋ ಕಾರುಗಳಲ್ಲಿ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಅಂಗಡಿಯಲ್ಲಿ ಮಾರುವ ಮಿರಮಿರ ಮಿಂಚುವ ಕೆಪಾಸಿಟರ್ ಬೇಡ. ಒಂದು ಫ್ಯಾರಡಿನದು 14ರಿಂದ 12.5 ವೋಲ್ಟಿಗೆ ಇಳಿಯುವಷ್ಟರಲ್ಲಿ ಕೊಡುವ ಶಕ್ತಿ 1000 ವಾಟಿಗೆ ಒಂದು ಸೆಕೆಂಡಿನ ಐವತ್ತನೇ ಒಂದು ಪಾಲು ಸಾಲುತ್ತದೆ.

ಎಂಜಿನ್ ನಿಲ್ಲಿಸಿ ಹಾಡು ಕೇಳುವುದು ಮಾತ್ರ ಎರಡನೇ ಬ್ಯಾಟರಿಯ ನಿಜವಾದ ಕೆಲಸ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧ ಖರ್ಚಾದರೆ ಸೆಲ್ಫಿಗೆ ಬಲ ಉಳಿಯುವುದು ಅನುಮಾನ. 12 ಆಂಪಿಯರ್ ಎಳೆದರೆ ಆ ಅರ್ಧ ಒಂದೂವರೆ ಗಂಟೆಗೆ ಮುಗಿಯಿತು. ಪತ್ರದಲ್ಲಿ ಬರೆದದ್ದೂ ಅಷ್ಟೇ ಹೊತ್ತು! ರಾತ್ರಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕತ್ತಲ ದಾರಿಯಲ್ಲಿ ಕಾರು ತಳ್ಳುವುದು ತಮಾಷೆಯಲ್ಲ.

ನಮ್ಮ ಮೈಕ್‌ಸೆಟ್‌ನವರಿಗೆ ಈ ಪಾಠ ಹಳೆಯದು. ನಾಟಕ, ಟೆಂಟ್ ಸಿನಿಮಾ, ಚುನಾವಣೆ ಎಂದು ಊರೂರು ಸುತ್ತಿದ ಜೀಪು, ಆಟೊಗಳನ್ನು ನೆನಪಿಸಿಕೊಳ್ಳಿ. ನೆತ್ತಿಯ ಮೇಲೆ ಎರಡು ಹಾರ್ನ್, ಸೀಟಿನ ಮೇಲೆ ಅಹುಜಾ ಆಂಪ್ಲಿಫೈಯರ್. ಅದರ ಬೆನ್ನಿಗೆ ಮನೆ ಕರೆಂಟಿನ ಜೊತೆ 12 ವೋಲ್ಟ್ ಬ್ಯಾಟರಿಗೂ ಜಾಗವಿರುತ್ತಿತ್ತು. ಬುದ್ಧಿವಂತ ಮೈಕಿನವನು ಗಾಡಿಯ ಬ್ಯಾಟರಿ ಮುಟ್ಟುತ್ತಿರಲಿಲ್ಲ. ರಾತ್ರಿ ಚಾರ್ಜಿಗೆ ಹಾಕಿದ ಬೇರೆ ಬ್ಯಾಟರಿ ಕಾಲ ಬಳಿ ಕೂತಿರುತ್ತಿತ್ತು. ಅದು ಇಳಿದರೆ ಹಾಡು ನಿಂತೀತು, ಗಾಡಿ ನಿಲ್ಲದು. ಅಂದಿನ ಹಾರ್ನು ಮೂವತ್ತು ವಾಟಿಗೇ ಊರ ತುದಿಯವರೆಗೆ ಕೂಗುತ್ತಿತ್ತು, ಬ್ಯಾಟರಿಗೂ ಅದು ಹಗುರ. ಡಬ್ಬದೊಳಗಿನ ವೂಫರಿಗೆ ಅದರ ಹತ್ತಾರು ಪಟ್ಟು ಬೇಕು, ಕೇಳುವವರು ಮಾತ್ರ ನಾಲ್ಕೇ ಜನ.

ಇನ್ನು ಜೋಡಿಸುವ ಮಾತು. ಎರಡು ಬ್ಯಾಟರಿಗಳನ್ನು ಸುಮ್ಮನೆ ವೈರಿನಿಂದ ಕಟ್ಟಿಬಿಟ್ಟರೆ ಎರಡೂ ಒಟ್ಟಿಗೆ ಇಳಿಯುತ್ತವೆ, ಹಳೆಯದು ಹೊಸದನ್ನೂ ಎಳೆದುಕೊಂಡು ಹೋಗುತ್ತದೆ. ನಡುವೆ ಬಾಗಿಲೊಂದು ಬೇಕು. ಡಯೋಡ್ ಹಾಕಿದರೆ ಅದೇ ಅರ್ಧ ವೋಲ್ಟಿಗೂ ಹೆಚ್ಚು ನುಂಗುವುದರಿಂದ ಹಿಂದಿನ ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ಇಗ್ನಿಷನ್ ಕೀಲಿಯಿಂದ ರಿಲೇ ನಡೆಸಿದರೆ, ಸೆಲ್ಫ್ ಹೊಡೆದಾಗ ಹಿಂದಿನ ಬ್ಯಾಟರಿಯಿಂದಲೂ ಭಾರಿ ಕರೆಂಟು ನುಗ್ಗಿ ಫ್ಯೂಸ್ ಹಾರುತ್ತದೆ. ವೋಲ್ಟೇಜ್ ನೋಡಿ ತಾನೇ ತೆರೆದು ಮುಚ್ಚುವ ರಿಲೇ ಒಳ್ಳೆಯದು. ಆಲ್ಟರ್ನೇಟರ್ ದುಡಿಯತೊಡಗಿ ಸುಮಾರು 13.3 ವೋಲ್ಟ್ ಆದಾಗ ಅದು ಎರಡನ್ನೂ ಸೇರಿಸುತ್ತದೆ, 12.8ಕ್ಕೆ ಇಳಿದರೆ ಬೇರ್ಪಡಿಸುತ್ತದೆ. ಹೊಸ ಕಾರುಗಳ ಮಾತು ಬೇರೆ. 2020ರ ಏಪ್ರಿಲಿನ ಬಿಎಸ್-6 ನಿಯಮದ ನಂತರದ ಹಲವು ಕಾರುಗಳಲ್ಲಿ ಕಂಪ್ಯೂಟರು ಇಂಧನ ಉಳಿಸಲು ಆಲ್ಟರ್ನೇಟರಿನ ವೋಲ್ಟೇಜನ್ನೇ ಏರಿಳಿಸುತ್ತದೆ. ಅಲ್ಲಿ ಈ ರಿಲೇ ತಬ್ಬಿಬ್ಬಾಗುತ್ತದೆ. ಡಿಸಿಯಿಂದ ಡಿಸಿಗೆ ಚಾರ್ಜ್ ಮಾಡುವ ಪೆಟ್ಟಿಗೆಯೇ ಬೇಕು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿನ ಮೇಲೆ ಸೆನ್ಸರ್ ಇದ್ದರೆ ಅರ್ತನ್ನು ಅಲ್ಲಿ ಕಟ್ಟದೆ ಬಾಡಿಗೆ ಕಟ್ಟಿ.

ಬೆಂಕಿ ಹುಟ್ಟುವುದು ವೈರಿನಲ್ಲಿ. ಮನೆಯ ಗೀಸರಿಗೆ ಹಾಕುವ 4 ಚದರ ಮಿಲಿಮೀಟರಿನ ತಾಮ್ರದ ವೈರನ್ನು ಐದು ಮೀಟರ್ ಎಳೆದು 60 ಆಂಪಿಯರ್ ಹರಿಸಿದರೆ ಅದರಲ್ಲೇ 1.3 ವೋಲ್ಟ್ ಕಳೆದು, ಸುಮಾರು 80 ವಾಟ್ ಬಿಸಿಯಾಗಿ ಮ್ಯಾಟಿನ ಕೆಳಗೆ ಕೂತಿರುತ್ತದೆ. 16 ಚದರ ಮಿಲಿಮೀಟರ್ ಹಾಕಿದರೆ ನಷ್ಟ ಅದರ ಕಾಲು ಭಾಗ. ಫ್ಯೂಸ್ ಒಂದಲ್ಲ, ಎರಡು. ಅನೇಕರು ಮುಂದಿನ ಬ್ಯಾಟರಿಯ ಬಳಿ ಒಂದು ಹಾಕಿ ಕೈತೊಳೆದುಕೊಳ್ಳುತ್ತಾರೆ. ವೈರು ನಡುವೆ ಎಲ್ಲೋ ತಗಡಿಗೆ ಉಜ್ಜಿ ಸಿಪ್ಪೆ ಸುಲಿದರೆ ಮುಂದಿನ ಫ್ಯೂಸ್ ಹಾರುತ್ತದೆ, ಆದರೆ ಹಿಂದಿನ ಬ್ಯಾಟರಿ ತನ್ನ ನೂರಾರು ಆಂಪಿಯರನ್ನು ಅದೇ ಜಾಗಕ್ಕೆ ಸುರಿಯುತ್ತಲೇ ಇರುತ್ತದೆ. ಎರಡೂ ಪಾಸಿಟಿವ್ ತುದಿಗಳಿಂದ ಒಂದು ಅಡಿಯೊಳಗೆ, ವೈರು ತಾಳುವಷ್ಟೇ ಆಂಪಿಯರಿನ ಫ್ಯೂಸ್ ಇರಲೇಬೇಕು.

ನೀರು ಹಾಕುವ ಸಾದಾ ಬ್ಯಾಟರಿಯನ್ನು ಡಿಕ್ಕಿಯಲ್ಲಿ ಇಡಬೇಡಿ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಶೇ. 4ರಷ್ಟಾದರೆ ಸಿಡಿಯಲು ಒಂದು ಕಿಡಿ ಸಾಕು. ಎಜಿಎಂ ಎಂಬ ಮುಚ್ಚಿದ ಬ್ಯಾಟರಿ ತಂದು, ತಟ್ಟೆಯಲ್ಲಿ ಕೂರಿಸಿ ಪಟ್ಟಿ ಹಾಕಿ ಬಿಗಿಯಿರಿ. ಹದಿನೈದು ಕಿಲೋ ತೂಕ ಹೆದ್ದಾರಿಯಲ್ಲಿ ಬ್ರೇಕ್ ಹಾಕಿದಾಗ ಮುಂದಕ್ಕೆ ಬಂದರೆ ಏನಾದೀತು! ಕೆಲಸಕ್ಕೆ ಮೊದಲು ಉಂಗುರ, ಕಡಗ ತೆಗೆಯಿರಿ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕಡೆಗೆ.

ಎಲ್ಲ ಮುಗಿದ ಮೇಲೆ ಮಲ್ಟಿಮೀಟರ್ ಹಿಡಿದು ನೋಡಿ. ಎಂಜಿನ್ ಓಡುವಾಗ, ಹಾಡು ನಿಲ್ಲಿಸಿ, ಎರಡೂ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟಿನೊಳಗೆ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು. ಆಮೇಲೆ ಎಂಜಿನ್ ನಿಲ್ಲಿಸಿ ಒಂದು ಗಂಟೆ ಹಾಡು ಹಾಕಿ. ಹಿಂದಿನದು ಇಳಿದು ಮುಂದಿನದು 12.6ರ ಆಸುಪಾಸಿನಲ್ಲೇ ನಿಂತಿದ್ದರೆ ಬಾಗಿಲು ಸರಿಯಾಗಿ ಮುಚ್ಚಿದೆ. ಎರಡೂ ಜೊತೆಯಾಗಿ ಇಳಿದಿದ್ದರೆ ರಿಲೇ ಅಂಟಿಕೊಂಡಿದೆ. ಕಾರನ್ನು ಊರಾಚೆ ಒಯ್ಯದೆ ಎಲೆಕ್ಟ್ರಿಷಿಯನ್ ಬಳಿಗೆ ಒಯ್ಯಿರಿ.